ಲಿನಕ್ಸ್ ಭದ್ರ, ಅದರ ಕೆಳಗಿನ ನೆಲ?

‘ನಮ್ಮದು ಲಿನಕ್ಸು, ವೈರಸ್ಸಿನ ಭಯವಿಲ್ಲ’ ಎಂಬ ಮಾತು ಮುಕ್ತ ತಂತ್ರಾಂಶದವರ ಬಾಯಲ್ಲಿ ಹಳೆಯದು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಲಿನಕ್ಸ್ ಅಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕೂತಿರುವ ಯುಇಎಫ್‌ಐ ಫರ್ಮ್‌ವೇರ್. ಬಹುತೇಕ ಯಂತ್ರಗಳಲ್ಲಿ ಅದರ ಮೂಲಸಂಕೇತವನ್ನು ಕೊಂಡವರು ನೋಡುವಂತಿಲ್ಲ. ಅಪಾಯ ಹುಟ್ಟುವುದೇ ಅಲ್ಲಿ.

2018ರಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆ ಪತ್ತೆಹಚ್ಚಿದ ‘ಲೋಜ್ಯಾಕ್ಸ್’ ಎಂಬ ಕುತಂತ್ರಾಂಶ ಈ ಚಿಪ್ಪಿನೊಳಗೇ ಬೇರು ಬಿಟ್ಟಿತ್ತು. ಹಾರ್ಡ್‌ಡಿಸ್ಕ್ ಕಿತ್ತು ಹೊಸದು ಹಾಕಿದರೂ ಅದು ಹೋಗುವಂಥದ್ದಲ್ಲ. ಅದರ ಗುರಿ ವಿಂಡೋಸ್ ಆಗಿದ್ದರಿಂದ ಲಿನಕ್ಸ್ ಬಳಗ ನಿಶ್ಚಿಂತೆಯಿಂದಿತ್ತು. 2024ರ ನವೆಂಬರ್‌ನಲ್ಲಿ ಆ ನಿಶ್ಚಿಂತೆಗೂ ಪೆಟ್ಟು ಬಿತ್ತು. ಉಬುಂಟು ಎಂಬ ಲಿನಕ್ಸ್ ವಿತರಣೆಯ ಕೆಲವು ಆವೃತ್ತಿಗಳಿಗೆಂದೇ ಬರೆದ ‘ಬೂಟ್‌ಕಿಟ್ಟಿ’ ಎಂಬ ಕುತಂತ್ರಾಂಶ ಬೆಳಕಿಗೆ ಬಂತು. ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಮಾಡ್ಯೂಲ್‌ಗಳ ಸಹಿ ಪರೀಕ್ಷಿಸುವ ವ್ಯವಸ್ಥೆಯನ್ನೇ ಅದು ಕುರುಡಾಗಿಸುತ್ತಿತ್ತು. ದಕ್ಷಿಣ ಕೊರಿಯಾದ ತರಬೇತಿಯೊಂದರ ವಿದ್ಯಾರ್ಥಿಗಳು ಪ್ರಯೋಗಕ್ಕೆಂದು ಬರೆದದ್ದು ಎಂದು ಆಮೇಲೆ ತಿಳಿಯಿತು. ವಿದ್ಯಾರ್ಥಿಗಳ ಕೈಗೆ ಎಟುಕಿದ್ದು ವೃತ್ತಿಪರ ಕಳ್ಳರ ಕೈಗೆ ಎಟುಕದೇ?

ಬೂಟ್‌ಕಿಟ್ಟಿಯ ಜೊತೆ ಸಿಕ್ಕ ಕಡತಗಳಲ್ಲಿ ಒಂದು ನೋಡಲು ಬರೀ ಚಿತ್ರ. ಕಂಪ್ಯೂಟರ್ ಏಳುವಾಗ ಪರದೆಯ ಮೇಲೆ ತಯಾರಕರ ಲೋಗೋ ಮೂಡುತ್ತದಲ್ಲ, ಅಂಥದ್ದೇ ಬಿಟ್‌ಮ್ಯಾಪ್. ಆ ಲೋಗೋವನ್ನು ಓದುವ ಫರ್ಮ್‌ವೇರ್ ಸಂಕೇತದಲ್ಲೇ ತೂತುಗಳಿವೆ ಎಂದು ಬೈನಾರ್ಲಿ ಎಂಬ ಭದ್ರತಾ ಸಂಸ್ಥೆ ಅದಕ್ಕೆ ಒಂದು ವರ್ಷ ಮೊದಲೇ ತೋರಿಸಿತ್ತು. ‘ಲೋಗೋಫೇಲ್’ ಎಂದು ಹೆಸರನ್ನೂ ಇಟ್ಟಿತ್ತು. ಈ ಚಿತ್ರ ಬಳಸಿಕೊಂಡದ್ದು ಅಂಥ ತೂತನ್ನೇ. ಸಂಕೇತ ಮುಚ್ಚಿಟ್ಟರೆ ಸುರಕ್ಷಿತ ಎನ್ನುವವರು ಇದಕ್ಕೆ ಉತ್ತರಿಸಬೇಕು. ಮುಚ್ಚಿಟ್ಟದ್ದರಿಂದ ದಾಳಿ ಮಾಡುವವರ ಕೈ ಕಟ್ಟಲಿಲ್ಲ. ಕಟ್ಟಿದ್ದು ದುರಸ್ತಿ ಮಾಡಬಲ್ಲವರ ಕೈ.

ಇದಕ್ಕೆಲ್ಲ ‘ಸೆಕ್ಯೂರ್ ಬೂಟ್’ ಇದೆಯಲ್ಲ ಎನ್ನಬಹುದು. ಸಹಿ ಇಲ್ಲದ ತಂತ್ರಾಂಶ ಮೊದಲ ಹೆಜ್ಜೆಯಲ್ಲೇ ಓಡದಂತೆ ತಡೆಯುವುದು ಅದರ ಕೆಲಸ. ತತ್ವ ಸರಿಯಾದದ್ದೇ, ಬೇಸತ್ತು ಅದನ್ನು ಆಫ್ ಮಾಡಿಬಿಡಿ ಎಂದು ಸಲಹೆ ಕೊಡುವ ಲಿನಕ್ಸ್ ಅಭಿಮಾನಿಗಳು ತಪ್ಪು ಮಾಡುತ್ತಿದ್ದಾರೆ. ಪ್ರಶ್ನೆ ಇರುವುದು ಕೀಲಿಕೈಯನ್ನು ಯಾರು ಹೇಗೆ ಕಾಯುತ್ತಾರೆ ಎಂಬಲ್ಲಿ. 2024ರ ಜುಲೈನಲ್ಲಿ ಬಯಲಾದ ‘ಪಿಕೆಫೇಲ್’ ಪ್ರಕರಣ ನೋಡಿ. ಎಎಂಐ ಎಂಬ ಫರ್ಮ್‌ವೇರ್ ಕಂಪನಿ ಪರೀಕ್ಷೆಗೆಂದು ತಯಾರಿಸಿದ ಕೀಲಿಗಳನ್ನು ಹೆಸರಾಂತ ತಯಾರಕರೇ ಬದಲಿಸದೆ, ನೂರಾರು ಮಾದರಿಗಳಲ್ಲಿ ಮಾರುಕಟ್ಟೆಗೆ ಬಿಟ್ಟಿದ್ದರು. ಅಂಥ ಒಂದು ಕೀಲಿಯ ಗುಟ್ಟಿನ ಭಾಗ ಸೋರಿಯೂ ಹೋಗಿತ್ತು. ಅಂಥ ಯಂತ್ರದ ಲಿನಕ್ಸ್ ಟರ್ಮಿನಲ್‌ನಲ್ಲಿ ಕೀಲಿಯ ವಿವರ ಕೇಳಿದರೆ ಪರದೆಯ ಮೇಲೆ ಬರುವ ಹೆಸರು ‘ಡು ನಾಟ್ ಟ್ರಸ್ಟ್’. ನಂಬಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ ಕೀಲಿಯನ್ನೇ ಇಡೀ ಯಂತ್ರದ ನಂಬಿಕೆಯ ಬುಡದಲ್ಲಿ ಇಟ್ಟಿದ್ದರು. ಇದನ್ನು ಅಚಾತುರ್ಯ ಎಂದು ಬಿಟ್ಟುಬಿಡಲಾಗದು. ದುಡ್ಡು ಕೊಟ್ಟು ಕೊಂಡವರಿಗೆ ಮಾಡಿದ ಅನ್ಯಾಯ.

ದಾರಿ ಇಲ್ಲದಿಲ್ಲ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ‘ಲಿನಕ್ಸ್‌ಬಯೋಸ್’ ಎಂದು ಶುರುವಾದ ಕೋರ್‌ಬೂಟ್ ಎಂಬ ಮುಕ್ತ ಫರ್ಮ್‌ವೇರ್ ಇಂದು ಗೂಗಲ್‌ನ ಕ್ರೋಮ್‌ಬುಕ್‌ಗಳಲ್ಲಿ ಓಡುತ್ತಿದೆ. ಶಾಲಾ ಮಕ್ಕಳ ಅಗ್ಗದ ಲ್ಯಾಪ್‌ಟಾಪಿಗೆ ಸಾಧ್ಯವಾದದ್ದು ದುಬಾರಿ ಯಂತ್ರಕ್ಕೆ ಅಸಾಧ್ಯ ಎಂಬ ವಾದ ನಿಲ್ಲುವುದಿಲ್ಲ. ಇಂಟೆಲ್ ಪ್ರೊಸೆಸರ್‌ನ ಕೆಲವು ತುಣುಕುಗಳು ಅಲ್ಲಿಯೂ ಮುಚ್ಚಿಯೇ ಇವೆ, ನಿಜ. ಆದರೂ ಉಳಿದದ್ದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಸರ್ಕಾರಿ ಖರೀದಿಯ ಟೆಂಡರ್‌ಗಳಲ್ಲಿ ಈ ಷರತ್ತು ಬರಬೇಕು: ಫರ್ಮ್‌ವೇರ್ ತೆರೆದಿರಲಿ, ಇಲ್ಲವೇ ಇಷ್ಟು ವರ್ಷ ದುರಸ್ತಿ ಕೊಡುತ್ತೇವೆಂದು ಬರವಣಿಗೆಯಲ್ಲಿ ಕೊಡಲಿ. ಇದರ ತುರ್ತು ಏನೆಂಬುದಕ್ಕೆ ಒಂದು ದಿನಾಂಕ ಸಾಕು. ಲಿನಕ್ಸ್ ವಿತರಣೆಗಳನ್ನು ಸೆಕ್ಯೂರ್ ಬೂಟ್ ದಾಟಿಸುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರದ ಅವಧಿ 2026ರ ಜೂನ್‌ವರೆಗೆ ಮಾತ್ರ. ಹಳೆಯ ಸಹಿಯ ತಂತ್ರಾಂಶ ಆಮೇಲೂ ಓಡುತ್ತದೆ. ಹೊಸದಕ್ಕೆ ಮಾತ್ರ ಹೊಸ ಪ್ರಮಾಣಪತ್ರ ಯಂತ್ರದೊಳಗೆ ಇಳಿದಿರಬೇಕು, ಎಷ್ಟೋ ಹಳೆಯ ಮಾದರಿಗಳಲ್ಲಿ ಅದಕ್ಕೆ ತಯಾರಕರೇ ಅಪ್‌ಡೇಟ್ ಕೊಡಬೇಕು. ಆ ಮಾದರಿಯನ್ನು ಅವರು ಎಂದೋ ಕೈಬಿಟ್ಟಿದ್ದರೆ, ಮೇಜಿನ ಮೇಲೆ ಇನ್ನೂ ಚೆನ್ನಾಗಿಯೇ ಓಡುತ್ತಿರುವ ಲ್ಯಾಪ್‌ಟಾಪಿಗೆ ಹೊಣೆ ಯಾರು?