ಕಟ್ಟುವವರೂ ನೋಡುವವರೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಹೊಸ ಮನೆಯನ್ನು ಕಟ್ಟುವುದಕ್ಕಿಂತಲೂ, ಒಳಗೆ ಜನರು ವಾಸವಾಗಿರುವಾಗಲೇ ಹಳೆಯ ಮನೆಯನ್ನು ಬಿಚ್ಚಿ ಕಟ್ಟುವುದು ಕಷ್ಟತರವಾದುದು. ಗೋಡೆ ತೆಗೆದ ಕಡೆ ಮಳೆ ಎರಚುತ್ತದೆ. ಧೂಳು ಅಡಿಗೆಮನೆಗೆ ನುಗ್ಗುತ್ತದೆ. ಬೀದಿಯಲ್ಲಿ ಹೋಗುವವರೆಲ್ಲರೂ ಒಂದು ಗಳಿಗೆ ನಿಂತು, ಕಂಬವು ಅಲ್ಲಿರಬೇಕಾಗಿತ್ತು, ಬಾಗಿಲು ಇಲ್ಲಿರಬೇಕಾಗಿತ್ತು ಎಂದು ಹೇಳಿಹೋಗುತ್ತಾರೆ. ಕಾಲ್ಚೆಂಡಿನ ತಂಡವನ್ನು ಪುನಃ ಕಟ್ಟಹೊರಟ ಶಿಕ್ಷಕನ ಪಾಡೂ ಇಂಥದೇ.

ಈಗ ನಮ್ಮ ಮನೆಗಳಲ್ಲಿಯೂ ಹುಡುಗರು ನಡುರಾತ್ರಿಯವರೆಗೆ ಎಚ್ಚತ್ತಿದ್ದು ಇಂಗ್ಲೆಂಡಿನ ಪಂದ್ಯಗಳನ್ನು ನೋಡುತ್ತಾರೆ. ಮಾರನೆಯ ದಿನ ಊಟಕ್ಕೆ ಕುಳಿತಾಗ, ಆ ಶಿಕ್ಷಕನನ್ನು ಈಗಲೇ ತೆಗೆಯಬೇಕು, ಅಲ್ಲ, ಅವನಿಗೆ ಇನ್ನೆರಡು ವರ್ಷ ಕೊಡಬೇಕು ಎಂದು ತರ್ಕಿಸುತ್ತಾರೆ. ಹಿರಿಯರು ಇದನ್ನು ಹುಡುಗಾಟವೆಂದು ತಳ್ಳಿಬಿಡುವುದುಂಟು. ನನಗೆ ಹಾಗೆ ತೋರುವುದಿಲ್ಲ. ಕಾಲಾವಕಾಶವನ್ನು ಬೇಡುವವನಿಗೆ ಅದನ್ನು ಎಷ್ಟು ಕೊಡಬೇಕು, ಏನನ್ನು ನೋಡಿ ಕೊಡಬೇಕು ಎಂಬುದು ಪ್ರತಿಯೊಂದು ಮನೆಗೂ ಸೇರಿದ ಪ್ರಶ್ನೆ. ಈ ತಿಂಗಳು ಅದನ್ನು ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಪ್ರಸಿದ್ಧ ಕ್ಲಬ್ಬಿನ ಅಭಿಮಾನಿಗಳು ಬೇರೆ ಬೇರೆ ಕಾಲದಲ್ಲಿ ಎತ್ತಿ ಹಿಡಿದ ಎರಡು ಬರಹದ ಬಟ್ಟೆಗಳ ಕಥೆಯಿಂದ ವಿಚಾರಮಾಡೋಣ.

1986ನೆಯ ಇಸವಿ ನವೆಂಬರ್ 6ರಂದು ಅಲೆಕ್ಸ್ ಫರ್ಗುಸನ್ ಎಂಬವರು ಸ್ಕಾಟ್ಲೆಂಡಿನ ಆಬರ್ಡೀನ್ ಕ್ಲಬ್ಬನ್ನು ಬಿಟ್ಟು ಇಲ್ಲಿಗೆ ಮ್ಯಾನೇಜರಾಗಿ ಬಂದರು. ಆಟವನ್ನು ಕಲಿಸುವುದು, ಆಟಗಾರರನ್ನು ಆರಿಸುವುದು, ಕೊಳ್ಳುವುದು, ಬಿಡುವುದು, ಎಲ್ಲವೂ ಆ ಪದವಿಗೆ ಸೇರಿದ ಕೆಲಸ. ಆಗ ತಂಡವು 22 ತಂಡಗಳ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದಾಗಿತ್ತು. ಲೀಗ್ ಪ್ರಶಸ್ತಿಯನ್ನು 1967ರಿಂದ ಈಚೆಗೆ ಕಂಡಿರಲಿಲ್ಲ. ಮೊದಲನೆಯ ವರ್ಷ ಹನ್ನೊಂದನೆಯ ಸ್ಥಾನ ಬಂದಿತು. ಎರಡನೆಯ ವರ್ಷ ಎರಡನೆಯ ಸ್ಥಾನಕ್ಕೆ ಏರಿ ಆಸೆ ಹುಟ್ಟಿಸಿ, ಮೂರನೆಯ ವರ್ಷ ಪುನಃ ಹನ್ನೊಂದಕ್ಕೇ ಇಳಿಯಿತು. 1989ರಲ್ಲಿ ಅಭಿಮಾನಿಗಳಿಗೆ ಅಚ್ಚುಮೆಚ್ಚಾಗಿದ್ದ ಪಾಲ್ ಮೆಕ್‌ಗ್ರಾ, ನಾರ್ಮನ್ ವೈಟ್‌ಸೈಡ್ ಎಂಬಿಬ್ಬರನ್ನು ಫರ್ಗುಸನ್ನರು ಬೇರೆ ಕ್ಲಬ್ಬುಗಳಿಗೆ ಕಳುಹಿಸಿದರು. ಇಬ್ಬರಿಗೂ ಗಾಯಗಳ ಪೀಡೆಯಿತ್ತು. ತಂಡದಲ್ಲಿ ಬೇರೂರಿದ್ದ ಕುಡಿತವನ್ನು ಅಡಗಿಸಬೇಕೆಂಬ ಸಂಕಲ್ಪವೂ ಮ್ಯಾನೇಜರರಿಗಿತ್ತು. ಗ್ಯಾರಿ ಪ್ಯಾಲಿಸ್ಟರ್ ಎಂಬ ರಕ್ಷಣೆಯ ಆಟಗಾರನಿಗೆ 23 ಲಕ್ಷ ಪೌಂಡು ಕೊಟ್ಟು ತಂದರು. ಆ ಸೆಪ್ಟೆಂಬರಿನಲ್ಲಿಯೇ ಅದೇ ಊರಿನ ಪ್ರತಿಸ್ಪರ್ಧಿಗಳಾದ ಮ್ಯಾಂಚೆಸ್ಟರ್ ಸಿಟಿಯವರು ಈ ಹೊಸ ತಂಡವನ್ನು 5-1ರಿಂದ ಸೋಲಿಸಿದರು.

ಮೊದಲನೆಯ ಬಟ್ಟೆ ಕಾಣಿಸಿಕೊಂಡುದು ಆ ಡಿಸೆಂಬರಿನಲ್ಲಿ. ಓಲ್ಡ್ ಟ್ರ್ಯಾಫರ್ಡ್ ಕ್ರೀಡಾಂಗಣದಲ್ಲಿ ತಂಡವು ಕ್ರಿಸ್ಟಲ್ ಪ್ಯಾಲೆಸ್ ಎದುರಿಗೆ 1-2ರಿಂದ ಸೋತ ದಿನ, ಮೂರು ವರ್ಷ ನೆವಗಳನ್ನೇ ಕೇಳಿದ್ದಾಯಿತು, ಇನ್ನು ಹೊರಡಿ ಎಂಬ ಭಾವದ ಬರಹವನ್ನು ಒಬ್ಬನು ಎತ್ತಿ ಹಿಡಿದನು. ಅವನು ಕ್ಲಬ್ಬಿನ ವೈರಿಯಲ್ಲ, ಬಹುಕಾಲದ ಅಭಿಮಾನಿ. ಅವನ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ಆದರೆ ಲೆಕ್ಕಕ್ಕೆ ಸಿಕ್ಕದ ಒಂದು ಕೆಲಸ ಬೇರೊಂದು ಕಡೆ ನಡೆಯುತ್ತಿತ್ತು. ಊರೂರಿನ ಬಾಲಕರ ಆಟವನ್ನು ನೋಡಿ ಆರಿಸುವವರ ಸಂಖ್ಯೆಯನ್ನು ಫರ್ಗುಸನ್ನರು ಹೆಚ್ಚಿಸಿದ್ದರು. ಸಿಟಿಯವರಲ್ಲಿ ಅಭ್ಯಾಸ ಮಾಡುತ್ತಿದ್ದ ಹದಿನಾಲ್ಕು ವರ್ಷದ ರಯಾನ್ ಗಿಗ್ಸ್ ಎಂಬ ಹುಡುಗನ ಮನೆಗೆ 1987ರಲ್ಲಿ ತಾವೇ ಹೋಗಿ ಅವನನ್ನು ಒಪ್ಪಿಸಿ ಬಂದಿದ್ದರು. ಇಂಥ ಹುಡುಗರ ಹೆಸರು ಅಂಕಪಟ್ಟಿಯಲ್ಲಿ ಇರುವುದಿಲ್ಲ.

ನಮ್ಮ ಶಾಸ್ತ್ರಗಳಲ್ಲಿ ಸ್ಥಾಲೀಪುಲಾಕ ನ್ಯಾಯವೆಂಬುದೊಂದುಂಟು: ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿತೇ ಎಂದು ತಿಳಿಯುವುದು. ಪಾತ್ರೆಯ ಅಕ್ಕಿಯೆಲ್ಲ ಒಟ್ಟಿಗೆ ಬೇಯುತ್ತಿದ್ದರೆ ಮಾತ್ರ ಈ ನ್ಯಾಯವು ಸಲ್ಲುತ್ತದೆ. ಅರ್ಧ ಬೆಂದ ಅನ್ನಕ್ಕೆ ಹೊಸ ಅಕ್ಕಿಯನ್ನು ಸುರಿದ ಪಾತ್ರೆಯಲ್ಲಿ ಒಂದು ಅಗುಳಿನಿಂದ ಏನು ತಿಳಿದೀತು? ಕಟ್ಟುತ್ತಿರುವ ತಂಡದ ಒಂದು ಪಂದ್ಯವೂ ಅಂಥದೇ.

1990ನೆಯ ಜನವರಿ 7ರಂದು ಎಫ್. ಎ. ಕಪ್ ಪಂದ್ಯದಲ್ಲಿ ಮಾರ್ಕ್ ರಾಬಿನ್ಸ್ ಎಂಬ ಇಪ್ಪತ್ತು ವರ್ಷದ ತರುಣನು ಹೊಡೆದ ಒಂದೇ ಗೋಲಿನಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವು ಸೋತಿತು. ಆ ಗೋಲೇ ಮ್ಯಾನೇಜರರ ಉದ್ಯೋಗವನ್ನು ಉಳಿಸಿತೆಂದು ಜನ ಹೇಳುತ್ತಾರೆ. ಆಡಳಿತ ಮಂಡಲಿಯವರು ಮುಂದೆ ಅದನ್ನು ಅಲ್ಲಗಳೆದರು. ಆ ವರ್ಷ ಲೀಗಿನಲ್ಲಿ ದೊರೆತುದು ಹದಿಮೂರನೆಯ ಸ್ಥಾನ. ಆದರೆ ಮೇ ತಿಂಗಳಲ್ಲಿ ಕಪ್ ಕೈಗೆ ಬಂದಿತು. 1993ರಲ್ಲಿ, 26 ವರ್ಷಗಳ ಮೇಲೆ, ಲೀಗ್ ಪ್ರಶಸ್ತಿಯೂ ಬಂದಿತು. ಗಿಗ್ಸ್ ಆ ತಂಡದಲ್ಲಿದ್ದನು.

ಇಲ್ಲಿಗೆ ನಿಲ್ಲಿಸಿ, ತಾಳಿದವನು ಬಾಳಿಯಾನು ಎಂದು ಮಂಗಳ ಹಾಡಿಬಿಡಬಹುದು. ಕಥೆ ಅಷ್ಟು ಸುಲಭವಲ್ಲ. ತಂಡದಿಂದ ಹೊರಗೆ ಕಳುಹಿಸಲ್ಪಟ್ಟ ಮೆಕ್‌ಗ್ರಾ ಆಸ್ಟನ್ ವಿಲ್ಲಾ ಕ್ಲಬ್ಬಿಗೆ ಸೇರಿ, ಅದೇ 1993ರಲ್ಲಿ ಇಂಗ್ಲೆಂಡಿನ ಆಟಗಾರರೆಲ್ಲರ ಮತದಿಂದ ವರ್ಷದ ಶ್ರೇಷ್ಠ ಆಟಗಾರನೆನಿಸಿದನು. ಅವನನ್ನು ಬಿಡಬಾರದೆಂದು ಅತ್ತವರು ಮೂರ್ಖರಾಗಿರಲಿಲ್ಲ. ಕಟ್ಟಡವು ನಿಂತಿತೆಂದ ಮಾತ್ರಕ್ಕೆ ಕಿತ್ತ ಕಂಬಗಳೆಲ್ಲ ಹುಳುಕಾಗಿದ್ದುವೆಂದು ಸಿದ್ಧವಾಗುವುದಿಲ್ಲ.

ಎರಡನೆಯ ಬಟ್ಟೆಯ ಕಥೆ ಇನ್ನೂ ಪಾಠವುಳ್ಳದ್ದು. ಫರ್ಗುಸನ್ನರು 2013ರಲ್ಲಿ ನಿವೃತ್ತರಾದರು. ಅವರ ಸ್ಥಾನಕ್ಕೆ ಡೇವಿಡ್ ಮಾಯ್ಸ್ ಎಂಬವರು ಆರು ವರ್ಷಗಳ ಒಪ್ಪಂದದ ಮೇಲೆ ಬಂದರು. ಹಿಂದಿನ ಅವಸರದ ನೆನಪಿದ್ದ ಅಭಿಮಾನಿಗಳು ಈ ಸಲ, ಇವರೇ ಆರಿಸಲ್ಪಟ್ಟವರು ಎಂಬರ್ಥದ ಬಟ್ಟೆಯನ್ನು ಕ್ರೀಡಾಂಗಣದಲ್ಲಿ ಕಟ್ಟಿದರು. ಆರು ವರ್ಷವಿರಲಿ, ಒಂದು ವರ್ಷವೂ ತುಂಬಲಿಲ್ಲ. 2014ರ ಏಪ್ರಿಲ್ 22ರಂದು ಮಾಯ್ಸ್ ಅವರನ್ನು ಬಿಡಿಸಿದರು, ಬಟ್ಟೆಯನ್ನೂ ಇಳಿಸಿದರು. ಒಂದು ಬಟ್ಟೆ ಬೈದಿತು, ಇನ್ನೊಂದು ಹೊಗಳಿತು. ಎರಡರ ದೋಷವೂ ಒಂದೇ. ಮೊದಲನೆಯದು ನಡೆಯುತ್ತಿದ್ದ ಕೆಲಸವನ್ನು ನೋಡದೆ ತೀರ್ಪು ಕೊಟ್ಟಿತು. ಎರಡನೆಯದು ಕೆಲಸವು ಆರಂಭವಾಗುವುದಕ್ಕೆ ಮೊದಲೇ ಕೊಟ್ಟಿತು. ಅನಂತರ ಬಂದ ಮ್ಯಾನೇಜರರ ಪಕ್ಷದವರೂ 1990ನ್ನು ಜ್ಞಾಪಿಸಿಕೊಳ್ಳಿ ಎನ್ನುತ್ತಲೇ ಬಂದರು. ಒಬ್ಬರ ವಿಷಯದಲ್ಲಿ ನಿಜವಾದ ಮಾತು ಎಲ್ಲರಿಗೂ ರಕ್ಷೆಯಾಗಲಾರದು.

ನೈಯಾಯಿಕರು ಚರ್ಚೆಯನ್ನು ಮೂರು ವಿಧವೆಂದು ಹೇಳಿದ್ದಾರೆ. ತತ್ತ್ವವನ್ನು ತಿಳಿಯುವುದಕ್ಕಾಗಿ ಮಾಡುವುದು ವಾದ. ಗೆಲ್ಲುವುದಕ್ಕಾಗಿ ಮಾಡುವುದು ಜಲ್ಪ. ತನ್ನದೆಂಬ ಯಾವ ಪಕ್ಷವೂ ಇಲ್ಲದೆ ಎದುರಾಳಿಯ ಮಾತನ್ನು ಕೆಡಹುವುದಷ್ಟೇ ವಿತಂಡ. ಆಟದ ಅಭಿಮಾನಿಗಳಲ್ಲಿ ಜಲ್ಪಕ್ಕೂ ವಿತಂಡಕ್ಕೂ ಬರವಿಲ್ಲ. ವಾದವೇ ಬೇಕೆನ್ನುವವನು ಶಿಕ್ಷಕನ ಮುಖವನ್ನೂ ಅಂಕಪಟ್ಟಿಯನ್ನೂ ಬಿಟ್ಟು ಬೇರೆ ಕೆಲವನ್ನು ನೋಡಬೇಕು. ತೆಗೆದ ಆಟಗಾರನ ಜಾಗಕ್ಕೆ ಯಾರನ್ನು ತಂದನು? ಹೋದ ವರ್ಷದ ತಪ್ಪನ್ನೇ ಈ ವರ್ಷವೂ ಮಾಡುತ್ತಿರುವನೇ, ಅಥವಾ ತಪ್ಪುಗಳಾದರೂ ಹೊಸವೇ? ಅವನ ಕೈಕೆಳಗೆ ಹುಡುಗರು ಬೆಳೆಯುತ್ತಿರುವರೇ? ಇವುಗಳಿಗೆ ಉತ್ತರ ದೊರೆತರೆ ಸೋಲಿನ ನಡುವೆಯೂ ಕಾಯಬಹುದು. ದೊರೆಯದಿದ್ದರೆ, ಗೆಲವಿನ ನಡುವೆಯೂ ಸಂಶಯಪಡಬಹುದು.

ಇಷ್ಟು ನೋಡಿದ ಮೇಲೂ ನಮ್ಮ ತೀರ್ಪು ತಪ್ಪಾದೀತು. ಅದಕ್ಕೆ ನಾಚಬೇಕಾದುದಿಲ್ಲ. 1989ರ ಬಟ್ಟೆಯನ್ನು ಹಿಡಿದವನು ಮುಂದಿನ ಕಾಲದಲ್ಲಿ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡನು. ತಂಡವನ್ನು ಮಾತ್ರ ಎಂದೂ ಬಿಡಲಿಲ್ಲ. ನಮ್ಮ ಮನೆಯ ಹುಡುಗರು ಇಂದು ರಾತ್ರಿ ಪುನಃ ತರ್ಕಿಸಲಿ. ಹಿರಿಯರೂ ಬಳಿ ಕುಳಿತು ಒಂದೇ ಮಾತನ್ನು ಕೇಳಿದರೆ ಸಾಕು: ನೀನು ಹೇಳುವುದು ಸರಿಯಾಗಿರಬಹುದು, ಮಗು, ಏನನ್ನು ನೋಡಿ ಹೇಳುತ್ತಿರುವೆ?