ಜೋಡಿ ದೀಪದ ಜಾಣ್ಮೆ

ಮಗುವಿನ ಕೆನ್ನೆಯ ಮೇಲೆ ದೃಷ್ಟಿಬೊಟ್ಟು ಚೆಂದ. ಬೆಳಗುವ ತೆರೆಯ ಮೇಲೆ ಕಪ್ಪು ಚುಕ್ಕೆ ಕಳಂಕವೇ ಸರಿ. ಮೈಕ್ರೊ ಎಲ್.ಇ.ಡಿ. ತೆರೆಗಳನ್ನು ತಯಾರಿಸುವವರ ನಿದ್ದೆಗೆಡಿಸಿರುವುದು ಈ ಚುಕ್ಕೆಯೇ.

2012ರಲ್ಲಿ ಸೋನಿ ಸಂಸ್ಥೆ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಪ್ರದರ್ಶಿಸಿದ 55 ಅಂಗುಲದ ಇಂಥ ತೆರೆಯಲ್ಲಿ ಸುಮಾರು 60 ಲಕ್ಷ ದೀಪಗಳಿದ್ದವು. ‘4ಕೆ’ ತೆರೆಯಲ್ಲಾದರೋ 82,94,400 ಬಿಂದುಗಳು; ಬಿಂದುವೊಂದಕ್ಕೆ ಕೆಂಪು, ಹಸಿರು, ನೀಲಿ ಎಂದು ಮೂರು ದೀಪಗಳು. ಒಟ್ಟು ಎರಡೂವರೆ ಕೋಟಿಗೆ ತುಸು ಕಡಮೆ! ಸಸಿಮಡಿಯ ಪೈರಿನಂತೆ ಈ ಕಿರುದೀಪಗಳನ್ನು ಬೇರೆಡೆ ಬೆಳೆಸಿ, ಕಿತ್ತು ತಂದು, ತೆರೆಯಲ್ಲಿ ನಾಟಿಮಾಡಬೇಕು. ಹತ್ತು ಸಾವಿರಕ್ಕೆ ಒಂದು ಕೆಟ್ಟರೂ ಸುಮಾರು 2,500 ಕಲೆಗಳು ಉಳಿಯುತ್ತವೆ.

ಆದುದರಿಂದ ಕೇಡನ್ನು ಮೊದಲೇ ಎಣಿಸಿ ವಿದ್ಯುನ್ಮಂಡಲವನ್ನು ರಚಿಸುತ್ತಾರೆ. ಒಂದೊಂದು ದೀಪದ ಪಕ್ಕದಲ್ಲೂ ಇನ್ನೊಂದಕ್ಕೆ ಎಡೆ. ಒಂದರ ಕೇಡು ಇನ್ನೊಂದಕ್ಕೆ ತಗಲದಿದ್ದರೆ, ಎರಡೂ ಕೆಡುವ ಸಂಭವ ಹತ್ತು ಕೋಟಿಗೆ ಒಂದು. ಎಂದರೆ ನಾಲ್ಕು ತೆರೆಗಳಿಗೆ ಒಂದು ಚುಕ್ಕೆ. ಆದರೆ ಜೋಡಿಯಿಟ್ಟ ಮಾತ್ರಕ್ಕೆ ಸಾಲದು. ಒಂದು ದೀಪ ‘ಷಾರ್ಟ್’ ಆದರೆ ವಿದ್ಯುತ್ತೆಲ್ಲ ಅದರ ಮೂಲಕವೇ ಹರಿದುಹೋಗಿ ಜೊತೆಯದೂ ಕತ್ತಲಾಗುವುದು. ಅಂಥದರ ಸಂಪರ್ಕವನ್ನು ಲೇಸರ್ ಕಿರಣದಿಂದ ಕತ್ತರಿಸಲು ಅನುವಾಗುವಂತೆ ಬೇರೆ ಬೇರೆ ದಾರಿಗಳನ್ನು ಮೊದಲೇ ಬಿಟ್ಟಿರಬೇಕು.

ಪ್ರವಾಹ ಹೆಚ್ಚುಕಡಮೆಯಾದರೆ ಬೆಳಕಿನೊಡನೆ ಬಣ್ಣವೂ ಕದಲುವುದು. ಅದಕ್ಕೆಂದೇ ಪ್ರವಾಹವನ್ನು ಸ್ಥಿರವಾಗಿರಿಸಿ, ಉರಿಯುವ ಕಾಲವನ್ನಷ್ಟೇ ಹಿಗ್ಗಿಸಿ ಕುಗ್ಗಿಸುವ ಪದ್ಧತಿಯುಂಟು.

ಎಲ್ಲೆಲ್ಲೂ ಜೋಡಿಯಿಟ್ಟರೆ ವೆಚ್ಚ ಏರುತ್ತದೆ. ಎರಡನೆಯ ಎಡೆಯನ್ನು ಬರಿದೇ ಬಿಟ್ಟು, ಪರೀಕ್ಷೆಯಲ್ಲಿ ಮೊದಲನೆಯದು ಸತ್ತುದು ಕಂಡಲ್ಲಿ ಮಾತ್ರ ಹೊಸದನ್ನು ಕೂಡಿಸುವುದೂ ಉಂಟು. ಗದ್ದೆಯಲ್ಲಿ ಸಸಿ ಸತ್ತೆಡೆ ಮರುನಾಟಿ ಮಾಡುವ ರೈತನಿಗೆ ಈ ಉಪಾಯ ಹೊಸದಲ್ಲ.