ಯಾರೂ ಮಲಗದ ಹಾಸಿಗೆಗೆ ಹತ್ತು ವರ್ಷದ ವಾರಂಟಿ



ಶಾಲಾ ಪ್ರವಾಸದ ನೆನಪುಗಳ ಮುಂದಿನ ಕಂತನ್ನು ನೀವು ನಿರೀಕ್ಷಿಸುತ್ತಿರುವಿರೆಂದು ಬಲ್ಲೆ. ಅದು ಸ್ವಲ್ಪ ಕಾಯಲಿ. ಕೆಲವು ತಿಂಗಳಿನಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವನ್ನು ಬರೆಯದೆ ಬೇರೇನನ್ನೂ ಬರೆಯಲಾರೆ. ವಿಷಯ ಏನೆಂದು ಕೇಳಿದರೆ ನಗುವಿರಿ. ಅದು ನಮ್ಮ ಮನೆಯ ಹಾಸಿಗೆ!

2021ರ ದಸರೆಯ ಹೊತ್ತಿಗೆ ಯಶವಂತಪುರದ ಅಂಗಡಿಯೊಂದರಲ್ಲಿ 23,400 ರೂಪಾಯಿ ತೆತ್ತು ಆರು ಅಂಗುಲ ದಪ್ಪದ ಫೋಮ್ ಹಾಸಿಗೆಯನ್ನು ಕೊಂಡೆವು. ಶ್ರೀಮತಿಯವರ ಬೆನ್ನುನೋವಿಗೆ ಗಟ್ಟಿಯಾದ ಹಾಸಿಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದರು. ನಿವೃತ್ತಿ ವೇತನದಲ್ಲಿ ಬದುಕುವವರಿಗೆ ಅದು ಸಣ್ಣ ಮೊತ್ತವಲ್ಲ. ಬೆಲೆ ಕೇಳಿ ಹಿಂದೆ ಸರಿಯುತ್ತಿದ್ದ ನನ್ನನ್ನು ತಡೆದು ನಿಲ್ಲಿಸಿದ್ದು ಹಾಸಿಗೆಯ ಮೂಲೆಯಲ್ಲಿ ಚಿನ್ನದ ಬಣ್ಣದ ದಾರದಿಂದ ಹೊಲಿದಿದ್ದ ‘10 ವರ್ಷ ವಾರಂಟಿ’ ಎಂಬ ಚೀಟಿ. ವರ್ಷಕ್ಕೆ 2,340 ರೂಪಾಯಿ ಎಂದು ಅಲ್ಲಿಯೇ ನಿಂತು ಲೆಕ್ಕ ಹಾಕಿದೆ, ಒಪ್ಪಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದವನು ಅಂದು ಸ್ವಲ್ಪ ಹೆಚ್ಚೇ ಚಾಚಿದೆ.

ಮೂರು ವರ್ಷ ಕಳೆಯುವಷ್ಟರಲ್ಲಿ ಶ್ರೀಮತಿಯವರು ಮಲಗುವ ಕಡೆ ಸೊಂಟದ ಜಾಗದಲ್ಲಿ ಕುಳಿ ಬಿತ್ತು. ಕಳೆದ ವರ್ಷದಿಂದ ಆಕೆ ರಾತ್ರಿ ಎರಡು ಗಂಟೆಗೆ ಎದ್ದು, ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಾರೆ. ಸೋಲದೇವನಹಳ್ಳಿ ನಿಲ್ದಾಣವನ್ನು ದಾಟಿ ತುಮಕೂರಿನತ್ತ ಸಾಗುವ ಗೂಡ್ಸ್ ರೈಲಿನ ಸದ್ದನ್ನು ನಾವಿಬ್ಬರೂ ಎಚ್ಚರದಲ್ಲಿಯೇ ಕೇಳುತ್ತೇವೆ.

2025ರ ಆಗಸ್ಟಿನಲ್ಲಿ ಕಂಪನಿಗೆ ದೂರು ಕೊಟ್ಟೆ. (ಹೆಸರು ಬೇಡ; ಈ ವ್ಯಾಧಿ ಒಂದೇ ಕಂಪನಿಯದಲ್ಲ.) ಒಬ್ಬ ಯುವಕ ಬಂದ. ಬಹಳ ವಿನಯವಂತ. ಹೊದಿಕೆಯನ್ನು ತೆಗೆದು, ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ದಾರವನ್ನು ಬಿಗಿಯಾಗಿ ಹಿಡಿದು, ದಾರದಿಂದ ಕುಳಿಯ ತಳಕ್ಕೆ ಸ್ಟೀಲಿನ ಅಳತೆಪಟ್ಟಿ ಇಟ್ಟು ನೋಡಿದ. 22 ಮಿಲಿಮೀಟರ್. “ಸಾರ್, 25 ಮಿಲಿಮೀಟರ್ ಇದ್ದರೆ ಮಾತ್ರ ದೋಷ. ಇದು ನ್ಯಾಚುರಲ್ ವೇರ್ ಅಂಡ್ ಟೇರ್,” ಎಂದ. ಕಾಫಿ ಕುಡಿದು ಹೋದ.

ವಾರದ ನಂತರ ಪತ್ರ ಬಂತು. ಸಹಜ ಸವೆತ, ಹಾಸಿಗೆಯ ಮೇಲೆ ಕಲೆ, ಮೂರು ತಿಂಗಳಿಗೊಮ್ಮೆ ಹಾಸಿಗೆಯನ್ನು ತಿರುಗಿಸಿಲ್ಲ. ಆದುದರಿಂದ ವಾರಂಟಿ ಅನ್ವಯಿಸದು. ವಾರಂಟಿ ಕಾರ್ಡಿನ ಬೆನ್ನಿನಲ್ಲಿ ಇವೆಲ್ಲವೂ ಇವೆ, ಭೂತಗನ್ನಡಿ ಇದ್ದರೆ ಓದಬಹುದು.

ಕಲೆಯ ವಿಚಾರ ಮೊದಲು ಮುಗಿಸುತ್ತೇನೆ. ಅದು ಕಾಫಿಯ ಕಲೆ, ಚೆಲ್ಲಿದವನು ನಾನೇ. ಆದರೆ ಕಲೆ ಇರುವುದು ನನ್ನ ಕಡೆ, ದಿಂಬಿನ ಪಕ್ಕ. ಕುಳಿ ಬಿದ್ದಿರುವುದು ಆಕೆಯ ಕಡೆ, ಸೊಂಟದ ಕೆಳಗೆ.

ಇನ್ನು ತಿರುಗಿಸುವ ಮಾತು. ತಲೆಯ ಭಾಗವನ್ನು ಕಾಲಿನ ಕಡೆಗೆ ಮಾಡಬೇಕಂತೆ. ಎರಡು ವರ್ಷ ತಪ್ಪದೆ ಮಾಡಿದೆ, ಆಮೇಲೆ ಭಾರ ಎತ್ತಲಾಗದೆ ಬಿಟ್ಟೆ, ಒಪ್ಪುತ್ತೇನೆ. ಆದರೆ ರೇಖಾಗಣಿತ ಕಲಿತ ನನ್ನ ಶಿಷ್ಯರು ಯೋಚಿಸಿ ನೋಡಿ. ಹಾಸಿಗೆಯ ಉದ್ದ 78 ಅಂಗುಲ, ನಡುಭಾಗ 39 ಅಂಗುಲದಲ್ಲಿ. ಐದಡಿ ಎತ್ತರದ ವ್ಯಕ್ತಿ ದಿಂಬಿಟ್ಟು ಮಲಗಿದರೆ ಸೊಂಟ ಬರುವುದು ಹೆಚ್ಚುಕಡಿಮೆ ಅಲ್ಲಿಗೇ. ಹಾಸಿಗೆಯನ್ನು ಅರ್ಧ ಸುತ್ತು ತಿರುಗಿಸಿದರೆ ತಲೆ ಕಾಲಾಗುತ್ತದೆ, ಕಾಲು ತಲೆಯಾಗುತ್ತದೆ, ನಡು ನಡುವಾಗಿಯೇ ಉಳಿಯುತ್ತದೆ! ಹೆಚ್ಚೆಂದರೆ ಆಕೆಯ ಕಡೆಯ ಕುಳಿ ನನ್ನ ಕಡೆಗೆ ಬರುತ್ತಿತ್ತು.

ಈಗ ಮುಖ್ಯ ವಿಷಯ, ಆ 22 ಮಿಲಿಮೀಟರ್. ಅಳೆಯುವಾಗ ಹಾಸಿಗೆಯ ಮೇಲೆ ಯಾರೂ ಇರಬಾರದೆಂಬುದು ಕಂಪನಿಯ ನಿಯಮ. ಯುವಕ ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಹಾಸಿಗೆ ಆರೇಳು ಗಂಟೆ ವಿಶ್ರಾಂತಿ ಪಡೆದ ಮೇಲೆ. ಫೋಮ್ ಎಂಬುದು ಸಣ್ಣ ಸಣ್ಣ ಕೋಶಗಳ ಜಾಲ. ಸಾವಿರಾರು ಬಾರಿ ಅದುಮಿಸಿಕೊಂಡು, ಮೈಯ ಶಾಖ ಮತ್ತು ಬೆವರಿನ ತೇವಕ್ಕೆ ಸಿಕ್ಕಿ, ಆ ಕೋಶಗಳ ಗೋಡೆಗಳು ದುರ್ಬಲವಾಗುತ್ತವೆ. ಭಾರ ಇಲ್ಲದಾಗ ಅದು ಮತ್ತೆ ಉಬ್ಬಿ ಸಭ್ಯವಾಗಿ ಕಾಣಿಸಬಹುದು. ಭಾರ ಬಿದ್ದೊಡನೆ ಕುಸಿಯುತ್ತದೆ. ಸ್ಥಿತಿಸ್ಥಾಪಕತೆಯ ಪಾಠದಲ್ಲಿ ಸ್ಪ್ರಿಂಗಿಗೆ ತೂಕ ನೇತುಹಾಕಿ ತೋರಿಸುತ್ತಿದ್ದೆನಲ್ಲ, ನೆನಪಿದೆಯೆ? ತೂಕವನ್ನೇ ಹಾಕದೆ ಸ್ಪ್ರಿಂಗ್ ಚೆನ್ನಾಗಿದೆ ಎಂದು ಬರೆದವನಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆ?

ಆದ್ದರಿಂದ ಪ್ರಯೋಗವನ್ನು ನಾನೇ ಮಾಡಿದೆ. ಇಪ್ಪತ್ತು ಲೀಟರಿನ ತುಂಬಿದ ನೀರಿನ ಕ್ಯಾನನ್ನು ಆಕೆಯ ಕಡೆಯ ಸೊಂಟದ ಜಾಗದಲ್ಲಿ ಇಟ್ಟು ಕುಸಿತವನ್ನು ಅಳೆದೆ: ದಾರದಿಂದ 61 ಮಿಲಿಮೀಟರ್. ಅದೇ ಕ್ಯಾನನ್ನು ಅದೇ ಕಡೆಯ ಕಾಲಿನ ತುದಿಯ ಸಮೀಪ, ಯಾರ ಭಾರವೂ ಹೆಚ್ಚಾಗಿ ಬೀಳದ ಕಡೆ ಇಟ್ಟೆ: 34 ಮಿಲಿಮೀಟರ್. ಹಾಸಿಗೆ ಒಂದೇ, ಭಾರ ಒಂದೇ. ಮೂರು ದಿನ ಪುನರಾವರ್ತಿಸಿದೆ. ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಫೋಟೋ ಸಹಿತ ಕಳಿಸಿದೆ. “ನಮ್ಮ ಅಳತೆಯ ವಿಧಾನದಲ್ಲಿ ಇದಕ್ಕೆ ಅವಕಾಶವಿಲ್ಲ,” ಎಂಬ ಒಂದು ಸಾಲಿನ ಉತ್ತರ ಬಂತು.

ಹಾಸಿಗೆ ಸವೆಯುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಮನುಷ್ಯನೇ ಸವೆಯುತ್ತಾನೆ, ಹಾಸಿಗೆಯ ಪಾಡೇನು! ಆದರೆ ‘ಹತ್ತು ವರ್ಷ’ ಎಂದು ಹೇಳಿದವನು ಸವೆತದ ಬಗ್ಗೆಯೇ ಮಾತು ಕೊಟ್ಟಿದ್ದಾನೆ. ಹಾಸಿಗೆ ಸಿಡಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅದು ಕೆಡುವ ಮುಖ್ಯ ಬಗೆಯೆಂದರೆ ಸವೆದು ಕುಸಿಯುವುದು. ಅದನ್ನೇ ಹೊರಗಿಟ್ಟ ಮೇಲೆ ಆ ಚಿನ್ನದ ದಾರದ ಚೀಟಿಯಲ್ಲಿ ಉಳಿಯುವುದೇನು? ಆ ಕಾರ್ಡಿನಲ್ಲಿ ಫೋಮಿನ ಸಾಂದ್ರತೆ, ಘನ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂಬುದು, ಎಲ್ಲಿಯೂ ಇಲ್ಲ. ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವ ಅಂಕಿಯನ್ನು ಮುಚ್ಚಿಟ್ಟು, ಬಾಳಿಕೆಯ ವರ್ಷಗಳನ್ನು ಮಾತ್ರ ದೊಡ್ಡದಾಗಿ ಹೊಲಿದಿದ್ದಾರೆ.

ನನ್ನ ಬಾಲ್ಯದಲ್ಲಿ ವರ್ಷ ಬಿಟ್ಟು ವರ್ಷ ಪಿಂಜಾರ ಸಾಹೇಬರು ಊರಿಗೆ ಬರುತ್ತಿದ್ದರು. ಅಂಗಳದಲ್ಲಿ ಹಾಸಿಗೆಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ದೊಡ್ಡ ಬಿಲ್ಲಿನಿಂದ ಟಂಯ್ ಟಂಯ್ ಎಂದು ಹಿಂಜಿ, ಸಾಲದಿದ್ದರೆ ಬೂರುಗದ ಹತ್ತಿಯನ್ನು ಸೇರಿಸಿ ಮತ್ತೆ ಹೊಲಿಯುತ್ತಿದ್ದರು. ಒಳಗೆ ಏನಿದೆಯೆಂಬುದು ಮನೆಯವರಿಗೆಲ್ಲ ಕಾಣುತ್ತಿತ್ತು. ಅವರು ಹತ್ತು ವರ್ಷದ ಮಾತನ್ನೇ ಆಡುತ್ತಿರಲಿಲ್ಲ. “ಎರಡು ವರ್ಷ ಬರ್ತದೆ, ಆಮೇಲೆ ಮತ್ತೆ ಹಿಂಜಬೇಕು ಅಮ್ಮಾ,” ಎನ್ನುತ್ತಿದ್ದರು. ಎರಡು ವರ್ಷ ಬರುತ್ತಿತ್ತು. ಆ ಹತ್ತಿಯ ಹಾಸಿಗೆಯಲ್ಲಿ ತಿಗಣೆಯೂ ಇರುತ್ತಿತ್ತೆನ್ನಿ, ಅದನ್ನು ಮರೆಮಾಚುವುದಿಲ್ಲ.

ಕಾನೂನನ್ನು ತೆಗೆದು ಓದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿಯಲ್ಲಿದೆ. ಅದರ 2(47)ನೆಯ ಕಲಮು ‘ಅನುಚಿತ ವ್ಯಾಪಾರ ಪದ್ಧತಿ’ ಎಂದರೇನೆಂದು ವಿವರಿಸುತ್ತದೆ. ಸರಿಯಾದ ಪರೀಕ್ಷೆಯ ಆಧಾರವಿಲ್ಲದೆ ವಸ್ತುವಿನ ಬಾಳಿಕೆಯ ಬಗ್ಗೆ ವಾರಂಟಿ ನೀಡುವುದು ಅದರಲ್ಲಿ ಒಂದು. ಪರೀಕ್ಷೆ ಮಾಡಿದ್ದೇವೆ ಎಂದು ಮಾರುವವನು ಹೇಳಿದರೆ ಅದನ್ನು ರುಜುವಾತುಪಡಿಸುವ ಹೊಣೆ ಅವನದೇ. ಈ ಮಾತು 1986ರ ಹಳೆಯ ಕಾಯ್ದೆಯಲ್ಲಿಯೂ ಇತ್ತು. ಅಂದರೆ ಹತ್ತು ವರ್ಷ ಎಂಬ ಅಂಕಿ ಎಲ್ಲಿಂದ ಬಂತೆಂದು ಕೇಳುವ ಹಕ್ಕು ನನಗಿದೆ. ಕೇಳಿದೆ. ಉತ್ತರವಿಲ್ಲ.

ಹೆದರಿ ಸುಮ್ಮನಿರುವ ಬಂಧುಗಳಿಗೆ ಇಷ್ಟು ಹೇಳಿಬಿಡುತ್ತೇನೆ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ವಾದಿಸಬಹುದು. ಅವಧಿ ಮಾತ್ರ ಎರಡು ವರ್ಷ, ಮೀರಬಾರದು. ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸುವುದು ಒಳ್ಳೆಯದು. ಪ್ರಕರಣ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಆಶಿಸುತ್ತದೆ. ಆಶಿಸುತ್ತದೆ, ಅಷ್ಟೆ!

ನಿಮ್ಮಲ್ಲಿ ಹಲವರು ದೊಡ್ಡ ಕಂಪನಿಗಳಲ್ಲಿದ್ದೀರಿ. ಕಾರ್ಡಿನ ಬೆನ್ನಿಗೆ ಆ ಸಣ್ಣ ಅಕ್ಷರಗಳನ್ನು ಬರೆದವನೂ ಯಾವುದೋ ಮೇಷ್ಟರ ಶಿಷ್ಯನೇ. ದಾರ ಹಿಡಿದು ಬಂದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ 25 ಎಂಬ ಅಂಕಿಯನ್ನು ಕೊಟ್ಟವರ ಮೇಲೆ ಇದೆ. ನಿಮ್ಮ ಮೇಜಿಗೆ ಇಂಥ ಕಡತ ಬಂದಾಗ ಆ ಅಂಕಿ ಯಾರು ಮಲಗಿದಾಗಿನದೆಂದು ಕೇಳುವಿರಾ?

ನಾನು ಕೇಳಿರುವುದು ಹೊಸ ಹಾಸಿಗೆಯನ್ನಲ್ಲ. ಬಳಸಿದ ನಾಲ್ಕು ವರ್ಷದ ಬೆಲೆಯನ್ನು ಕಳೆದು, ಉಳಿದ ಆರು ವರ್ಷದ ಪಾಲು 14,040 ರೂಪಾಯಿ. “ಇಷ್ಟಕ್ಕೆ ಇಷ್ಟು ಓಡಾಟವೇಕೆ, ಮಾವ?” ಎಂದು ಅಳಿಯಂದಿರು ಕೇಳಿದರು, ತಾವೇ ಹೊಸದನ್ನು ತಂದುಕೊಡುವುದಾಗಿಯೂ ಹೇಳಿದರು. ಬೇಡವೆಂದೆ. ಇ-ಜಾಗೃತಿಯಲ್ಲಿ ದೂರು ದಾಖಲಾಗಿದೆ, ವಿಚಾರಣೆ ಮುಂದಿನ ತಿಂಗಳು. ಹಾಸಿಗೆಯನ್ನು ಹೊತ್ತುಕೊಂಡು ಹೋಗಲಾಗದು. ಫೋಟೋಗಳು, ಅಳತೆಪಟ್ಟಿ, ಆ ಚಿನ್ನದ ದಾರದ ಚೀಟಿ, ಇಷ್ಟನ್ನು ಒಂದು ಚೀಲದಲ್ಲಿ ತುಂಬಿಟ್ಟಿದ್ದೇನೆ. ಶ್ರೀಮತಿಯವರು ಇಂದೂ ಚಾಪೆಯ ಮೇಲೆಯೇ ಮಲಗಿದ್ದಾರೆ.